ಓದುಗರ ಪ್ರಶ್ನೆ, ನಮ್ಮ ಉತ್ತರ: ಕಂಪೈಲ್ ಆಯ್ಕೆಗಳ ವಿವರ ಎಲ್ಲಿ ಸಿಗುತ್ತದೆ?

ಮುಕ್ತ ತಂತ್ರಾಂಶಗಳನ್ನು ಸೋರ್ಸ್ ಕೋಡ್‌ನಿಂದ ತಾವೇ ಕಂಪೈಲ್ ಮಾಡಿಕೊಳ್ಳುವ (ಅಂದರೆ ಮೂಲ ಬರಹವನ್ನು ಓಡಿಸಬಲ್ಲ ಪ್ರೋಗ್ರಾಂ ಆಗಿ ಪರಿವರ್ತಿಸಿಕೊಳ್ಳುವ) ಓದುಗರಿಂದ ಈ ಬಾರಿ ಪತ್ರಗಳು ಬಂದಿವೆ. ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳ ಈ ಪ್ರಶ್ನೆಗಳು, ಯಾವ ಸೌಲಭ್ಯ ಸೇರಬೇಕು, ಯಾವುದು ಬೇಡ ಎಂದು ಹೇಳುವ ಆಯ್ಕೆಗಳ ವಿವರ ಎಲ್ಲಿದೆ ಎಂಬ ಒಂದೇ ತೊಡಕಿನ ಸುತ್ತ ಇರುವುದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಆಜ್ಞೆಗಳನ್ನೂ ಕಡತಗಳ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದ್ದೇವೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.

ಪ್ರಶ್ನೆ: ನಮ್ಮ ಸಣ್ಣ ಗ್ರಂಥಾಲಯದಲ್ಲಿ ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ, ಟೆಸರಾಕ್ಟ್ ಮೂಲಕ ಪಠ್ಯವಾಗಿ ಪರಿವರ್ತಿಸುತ್ತಿದ್ದೇವೆ. ಉಬುಂಟು (ಲಿನಕ್ಸ್‌ನ ಒಂದು ವಿತರಣೆ) ಜೊತೆ ಬಂದ ಆವೃತ್ತಿ ಹಳೆಯದಾಗಿದ್ದರಿಂದ ಚಿತ್ರ ಓದುವ ಲೆಪ್ಟಾನಿಕಾ ಮತ್ತು ಟೆಸರಾಕ್ಟ್ ಎರಡನ್ನೂ ನಾನೇ ಕಂಪೈಲ್ ಮಾಡಿದೆ. ಯಾವ ದೋಷವೂ ತೋರದೆ ಕೆಲಸ ಮುಗಿಯಿತು. ಆದರೆ ಪಿಎನ್‌ಜಿ ಚಿತ್ರ ಕೊಟ್ಟೊಡನೆ 'ಎರರ್ ಇನ್ ಪಿಕ್ಸ್‌ರೀಡ್‌ಸ್ಟ್ರೀಮ್‌ಪಿಎನ್‌ಜಿ: ಫಂಕ್ಷನ್ ನಾಟ್ ಪ್ರೆಸೆಂಟ್' ಎಂದು ಬರುತ್ತದೆ. ಟೆಸರಾಕ್ಟ್ ಜೊತೆಗಿರುವ 'ಇನ್‌ಸ್ಟಾಲ್' ಕಡತವನ್ನು ಪೂರ್ತಿ ಓದಿದರೂ ಪಿಎನ್‌ಜಿಯ ಸುದ್ದಿಯೇ ಅದರಲ್ಲಿಲ್ಲ. ಆಯ್ಕೆಗಳ ಪೂರ್ಣ ವಿವರ ಎಲ್ಲಿರುತ್ತದೆ?
— ಗ್ರಂಥಪಾಲಕರು, ವಿಜಯಪುರ

ಉತ್ತರ: ಫ. ಗು. ಹಳಕಟ್ಟಿಯವರು ವಚನಗಳ ಹಸ್ತಪ್ರತಿಗಳನ್ನು ಹುಡುಕಿ ತಂದು ಅಚ್ಚು ಹಾಕಿಸಿದ ಊರಿನಲ್ಲಿ ಹಳೆಯ ಪುಟಗಳು ಮತ್ತೆ ಓದುಗರ ಕೈಗೆ ಬರುವಂತೆ ನೀವು ಶ್ರಮಿಸುತ್ತಿರುವುದು ನಮಗೆ ಬಹಳ ಸಂತೋಷ ಕೊಟ್ಟಿದೆ. ಆದ್ದರಿಂದ ಮೊದಲು ನಿಮ್ಮ ಕೆಲಸ ನಿಂತಿರುವ ಕಾರಣವನ್ನು ಹೇಳಿ, ಬಳಿಕ ವಿವರ ಹುಡುಕುವ ಬಗೆಗೆ ಬರುತ್ತೇವೆ.

ಚಿತ್ರದ ಕಡತವನ್ನು ತೆರೆದು ಓದುವ ಕೆಲಸವನ್ನು ಟೆಸರಾಕ್ಟ್ ತಾನು ಮಾಡುವುದಿಲ್ಲ. ಅದನ್ನು ಲೆಪ್ಟಾನಿಕಾಕ್ಕೆ ಒಪ್ಪಿಸುತ್ತದೆ. ಲೆಪ್ಟಾನಿಕಾ ತನ್ನ ಪಾಲಿಗೆ ಪಿಎನ್‌ಜಿಗಾಗಿ ಲಿಬ್‌ಪಿಎನ್‌ಜಿ, ಟಿಫ್‌ಗಾಗಿ ಲಿಬ್‌ಟಿಫ್, ಜೆಪೆಗ್‌ಗಾಗಿ ಲಿಬ್‌ಜೆಪೆಗ್ ಎಂಬ ಬೇರೆ ಲೈಬ್ರರಿಗಳನ್ನು (ಇತರ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್‌ನ ಸಂಗ್ರಹಗಳನ್ನು) ನೆಚ್ಚಿಕೊಂಡಿದೆ. ಕಂಪೈಲ್‌ಗೆ ಮೊದಲು ಕಂಪ್ಯೂಟರನ್ನು ಪರೀಕ್ಷಿಸಿ ಆಯ್ಕೆಗಳನ್ನು ನಿಶ್ಚಯಿಸುವ ಕಾನ್ಫಿಗರ್ ಹಂತದಲ್ಲಿ ಇವು ಕಾಣದಿದ್ದರೆ ಲೆಪ್ಟಾನಿಕಾ ಕೆಲಸ ನಿಲ್ಲಿಸುವುದಿಲ್ಲ. ಅದರ ಸೋರ್ಸ್‌ನಲ್ಲಿ 'ಪಿಎನ್‌ಜಿಐಒಸ್ಟಬ್.ಸಿ' ಎಂಬ ಕಡತವೊಂದಿದೆ. ನಿಜವಾದ ಪಿಎನ್‌ಜಿ ಫಂಕ್ಷನ್‌ಗಳ ಹೆಸರನ್ನೇ ಹೊತ್ತ, ಆದರೆ 'ಫಂಕ್ಷನ್ ನಾಟ್ ಪ್ರೆಸೆಂಟ್' ಎಂದು ತಿಳಿಸಿ ಹಿಂದಿರುಗುವುದರ ಹೊರತು ಬೇರೇನನ್ನೂ ಮಾಡದ ಫಂಕ್ಷನ್‌ಗಳು ಅದರಲ್ಲಿವೆ. ಲಿಬ್‌ಪಿಎನ್‌ಜಿ ಸಿಗದಿದ್ದಾಗ ಇವೇ ಒಳಗೆ ಸೇರುತ್ತವೆ. ನಿಮಗೆ ಕಂಡದ್ದು ಅವುಗಳ ಮಾತು; ಟೆಸರಾಕ್ಟ್‌ನಲ್ಲಿಯಾಗಲಿ ನಿಮ್ಮ ಚಿತ್ರದಲ್ಲಿಯಾಗಲಿ ದೋಷವಿಲ್ಲ.

ಉಬುಂಟುವಿನಲ್ಲಿ ಲಿಬ್‌ಪಿಎನ್‌ಜಿ ಮೊದಲೇ ಇರುತ್ತದಲ್ಲ ಎಂದು ನೀವು ಕೇಳಬಹುದು. ಇರುತ್ತದೆ, ಆದರೆ ಅದು ಪ್ರೋಗ್ರಾಂ ಓಡಿಸಲು ಬೇಕಾದ ಭಾಗ ಮಾತ್ರ. ಕಂಪೈಲ್ ಮಾಡಲು ಬೇಕಾದ ಹೆಡರ್ ಕಡತಗಳು 'ಲಿಬ್‌ಪಿಎನ್‌ಜಿ-ಡೆವ್' ಎಂಬ ಪ್ರತ್ಯೇಕ ಪ್ಯಾಕೇಜಿನಲ್ಲಿರುತ್ತವೆ. ಫೆಡೋರಾ ಬಳಸುವವರಿಗೆ ಇದೇ '-ಡೆವೆಲ್' ಎಂಬ ಬಾಲದೊಂದಿಗೆ ಸಿಗುತ್ತದೆ. ಪಿಎನ್‌ಜಿ, ಟಿಫ್, ಜೆಪೆಗ್ ಮತ್ತು ಝಡ್‌ಲಿಬ್ ಇವುಗಳ ಡೆವ್ ಪ್ಯಾಕೇಜುಗಳನ್ನು ಹಾಕಿಕೊಂಡು, ಲೆಪ್ಟಾನಿಕಾದ ಸೋರ್ಸನ್ನು ಹೊಸದಾಗಿ ಬಿಚ್ಚಿ, ಮತ್ತೆ ಕಾನ್ಫಿಗರ್, ಮೇಕ್ (ಕಂಪೈಲ್ ಮಾಡುವ ಆಜ್ಞೆ), ಮೇಕ್ ಇನ್‌ಸ್ಟಾಲ್ ಮಾಡಿ, ಕೊನೆಗೆ ಹೊಸ ಲೈಬ್ರರಿಯನ್ನು ವ್ಯವಸ್ಥೆಗೆ ತಿಳಿಸುವ 'ಎಲ್‌ಡಿಕಾನ್ಫಿಗ್' ಓಡಿಸಿರಿ. ಅನಂತರ 'ಟೆಸರಾಕ್ಟ್ --ವರ್ಷನ್' ಎಂದು ಕೇಳಿದರೆ ಲೆಪ್ಟಾನಿಕಾದ ಆವೃತ್ತಿಯ ಕೆಳಗಿನ ಸಾಲಿನಲ್ಲಿ ಲಿಬ್‌ಜೆಪೆಗ್, ಲಿಬ್‌ಪಿಎನ್‌ಜಿ, ಲಿಬ್‌ಟಿಫ್, ಝಡ್‌ಲಿಬ್ ಎಂದು ಸೇರಿಕೊಂಡ ಲೈಬ್ರರಿಗಳ ಹೆಸರುಗಳು ಅವುಗಳ ಆವೃತ್ತಿ ಸಂಖ್ಯೆಯೊಡನೆ ಬರುತ್ತವೆ. ಸ್ಕ್ಯಾನಿಂಗ್ ಆರಂಭಿಸುವ ಮೊದಲು ಈ ಸಾಲನ್ನು ಓದುವ ರೂಢಿ ಇಟ್ಟುಕೊಳ್ಳುವುದು ಒಳ್ಳೆಯದು. ಸಾಲು ಬದಲಾಗದಿದ್ದರೆ ಹಳೆಯ ಲೆಪ್ಟಾನಿಕಾ ಎಲ್ಲಿಯೋ ಉಳಿದಿದೆ ಎಂದರ್ಥ. 'ಎಲ್‌ಡಿಡಿ' ಆಜ್ಞೆಗೆ ಟೆಸರಾಕ್ಟ್‌ನ ಪೂರ್ಣ ಹಾದಿಯನ್ನು ಕೊಟ್ಟರೆ ಅದು ಯಾವ ಕಡತವನ್ನು ಎತ್ತಿಕೊಳ್ಳುತ್ತಿದೆ ಎಂಬುದು ತಿಳಿಯುತ್ತದೆ.

ಇನ್ನು ನಿಮ್ಮ ಮೂಲ ಪ್ರಶ್ನೆ. ನೀವು ಓದಿದ 'ಇನ್‌ಸ್ಟಾಲ್' ಕಡತ ಆ ಪ್ಯಾಕೇಜಿಗಾಗಿಯೇ ಬರೆದದ್ದಲ್ಲ. ಮುಕ್ತ ತಂತ್ರಾಂಶದ ಗ್ನೂ ಯೋಜನೆಯ, ಕಾನ್ಫಿಗರ್‌ನಂಥ ಕಡತಗಳನ್ನು ತಯಾರಿಸುವ ಆಟೋಕಾನ್ಫ್ ಮತ್ತು ಆಟೋಮೇಕ್ ಉಪಕರಣಗಳನ್ನು ಬಳಸುವ ಅಸಂಖ್ಯ ಪ್ಯಾಕೇಜುಗಳಲ್ಲಿ ಇದೇ ಕಡತ ಹೆಚ್ಚುಕಡಿಮೆ ಅಕ್ಷರಶಃ ಹೀಗೆಯೇ ಇರುತ್ತದೆ. '--ಪ್ರಿಫಿಕ್ಸ್' ಕೊಡದಿದ್ದರೆ /ಯುಎಸ್‌ಆರ್/ಲೋಕಲ್ ಒಳಗೆ ಹೋಗಿ ಕೂರುತ್ತದೆ ಎಂಬಂಥ, ಎಲ್ಲಕ್ಕೂ ಸಮಾನವಾದ ಸಂಗತಿಗಳನ್ನು ಅದು ಚೆನ್ನಾಗಿ ವಿವರಿಸುತ್ತದೆ. ಜೀವನದಲ್ಲಿ ಒಮ್ಮೆ ಅದನ್ನು ಗಮನವಿಟ್ಟು ಓದಬೇಕು. ಪ್ರತಿ ಪ್ಯಾಕೇಜಿನಲ್ಲಿಯೂ ಓದಬೇಕಾಗಿಲ್ಲ.

ಆ ಪ್ಯಾಕೇಜಿಗೇ ಸಂಬಂಧಿಸಿದ ಆಯ್ಕೆಗಳ ಪಟ್ಟಿ './ಕಾನ್ಫಿಗರ್ --ಹೆಲ್ಪ್' ಎಂದಾಗ ಬರುತ್ತದೆ. ಅದರ ಮೊದಲ ಭಾಗದಲ್ಲಿ ಎಲ್ಲ ಪ್ಯಾಕೇಜುಗಳಿಗೂ ಒಂದೇ ಆಗಿರುವ ಡೈರೆಕ್ಟರಿಗಳ ಪಟ್ಟಿ ಇರುವುದರಿಂದ ಅನೇಕರು ಅಲ್ಲಿಗೇ ಓದುವುದನ್ನು ಬಿಟ್ಟುಬಿಡುತ್ತಾರೆ. '--ಹೆಲ್ಪ್=ಶಾರ್ಟ್' ಎಂದು ಕೇಳಿದರೆ ಆ ಭಾಗ ಮರೆಯಾಗಿ ಪ್ಯಾಕೇಜಿನ ಸ್ವಂತ ಆಯ್ಕೆಗಳು ಮಾತ್ರ ಉಳಿಯುತ್ತವೆ. ಅವುಗಳಲ್ಲಿ '--ಎನೇಬಲ್', '--ಡಿಸೇಬಲ್' ಎಂದು ಆರಂಭವಾಗುವವು ಪ್ಯಾಕೇಜಿನೊಳಗಿನ ಸೌಲಭ್ಯಗಳಿಗೆ ಸಂಬಂಧಿಸಿದವು. '--ವಿತ್', '--ವಿತೌಟ್' ಎಂದು ಆರಂಭವಾಗುವವು ಹೊರಗಿನ ಲೈಬ್ರರಿಗಳಿಗೆ ಸಂಬಂಧಿಸಿದವು. ಒಂದರ ಒಳಗೆ ಇನ್ನೊಂದು ಪ್ಯಾಕೇಜ್ ಅಡಗಿರುವ ದೊಡ್ಡ ಸೋರ್ಸ್ ಆಗಿದ್ದರೆ '--ಹೆಲ್ಪ್=ರಿಕರ್ಸಿವ್' ಎಂದು ಕೇಳಬೇಕು.

ಈ ಪಟ್ಟಿಯನ್ನು ಓದುವಾಗ ಒಂದು ಸಂಪ್ರದಾಯ ತಿಳಿದಿರಬೇಕು. ಸಾಮಾನ್ಯವಾಗಿ ಅದರಲ್ಲಿ ಬರೆಯುವುದು ಪೂರ್ವನಿಯೋಜಿತ ಸ್ಥಿತಿಗೆ ವಿರುದ್ಧವಾದ ರೂಪವನ್ನು. ಟೆಸರಾಕ್ಟ್‌ನ ಪಟ್ಟಿಯಲ್ಲಿ '--ಡಿಸೇಬಲ್-ಗ್ರಾಫಿಕ್ಸ್' ಎಂದಿದ್ದರೆ, ನೀವು ಏನನ್ನೂ ಹೇಳದಿದ್ದಾಗ ಗ್ರಾಫಿಕ್ಸ್ ಇದ್ದೇ ಇರುತ್ತದೆ ಎಂದು ತಿಳಿಯಬೇಕು. ಲೆಪ್ಟಾನಿಕಾದ ಪಟ್ಟಿಯಲ್ಲಿ '--ವಿತೌಟ್-ಲಿಬ್‌ಪಿಎನ್‌ಜಿ' ಎಂದಿದೆ. ಅಂದರೆ ಪಿಎನ್‌ಜಿ ಸೌಲಭ್ಯ ತಾನಾಗಿ ಬರಬೇಕು. ಆದರೂ ನಿಮಗೆ ಬರಲಿಲ್ಲ. ಏಕೆಂದರೆ ಹೌದು, ಅಲ್ಲ ಎಂಬ ಎರಡರ ಜೊತೆಗೆ 'ಸಿಕ್ಕರೆ ಸೇರಿಸು, ಸಿಗದಿದ್ದರೆ ಬಿಡು' ಎಂಬ ಮೂರನೆಯ ಸ್ಥಿತಿಯೊಂದಿದ್ದು, ಹೆಲ್ಪ್ ಪಟ್ಟಿ ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಕಂಪೈಲ್ ಮಾಡುವವರ ಹೆಚ್ಚಿನ ಕಷ್ಟಗಳಿಗೆ ಈ ಮೂರನೆಯ ಸ್ಥಿತಿಯೇ ಮೂಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಅದನ್ನು ತಿಳಿಯಬೇಕಾದರೆ 'ಕಾನ್ಫಿಗರ್.ಎಸಿ' ಕಡತವನ್ನು ತೆರೆಯಬೇಕು. ಕಾನ್ಫಿಗರ್ ಎಂಬ ಸ್ಕ್ರಿಪ್ಟ್ ಹುಟ್ಟುವುದು ಇದರಿಂದಲೇ. ಸಾವಿರಾರು ಸಾಲುಗಳ ಆ ಸ್ಕ್ರಿಪ್ಟನ್ನು ಓದಲು ಹೋಗಬೇಡಿ. ಕೆಲವೇ ನೂರು ಸಾಲುಗಳ ಈ ಮೂಲವನ್ನು ಓದಿ. ಅದರಲ್ಲಿ 'ಎಸಿ_ಆರ್ಗ್_ವಿತ್' ಮತ್ತು 'ಎಸಿ_ಆರ್ಗ್_ಎನೇಬಲ್' ಎಂದು ಹುಡುಕಿದರೆ ಪ್ರತಿಯೊಂದು ಆಯ್ಕೆಯೂ ಎಲ್ಲಿ ಹುಟ್ಟುತ್ತದೆ ಎಂಬುದು ಸಿಗುತ್ತದೆ. ಲೈಬ್ರರಿ ಸಿಗದಿದ್ದಾಗ ದೋಷವೆಂದು ನಿಲ್ಲುತ್ತದೆಯೋ, ಸುಮ್ಮನೆ ಮುಂದೆ ಹೋಗುತ್ತದೆಯೋ ಎಂಬುದು ಅದರ ಆಸುಪಾಸಿನಲ್ಲಿ ಇರುತ್ತದೆ. ಶೆಲ್ ಭಾಷೆಯ ಅಲ್ಪ ಪರಿಚಯವಿದ್ದರೆ ಸಾಕು. ಲೆಪ್ಟಾನಿಕಾದಲ್ಲಿ '--ವಿತ್-ಲಿಬ್‌ಪಿಎನ್‌ಜಿ' ಎಂದು ನೀವಾಗಿ ಬರೆದರೆ, ಲೈಬ್ರರಿ ಕಾಣದಿದ್ದಾಗ ಕಾನ್ಫಿಗರ್ ಅಲ್ಲಿಯೇ ನಿಂತು ಹೇಳುತ್ತದೆ. ಬೇರೆ ಅನೇಕ ಪ್ಯಾಕೇಜುಗಳಲ್ಲಿಯೂ ಈ ಪದ್ಧತಿ ಇದೆ. ಆದ್ದರಿಂದ ನಿಮಗೆ ಅಗತ್ಯವಾಗಿ ಬೇಕಾದ ಸೌಲಭ್ಯವನ್ನು, ಅದು ತಾನಾಗಿ ಬರುವಂತಿದ್ದರೂ, ಆಜ್ಞೆಯಲ್ಲಿ ಬರೆದೇ ಕೇಳಿರಿ.

ನಡೆದುಹೋದದ್ದನ್ನು ತಿಳಿಯಲು 'ಕಾನ್ಫಿಗ್.ಲಾಗ್' ಇದೆ. ಅದರ ಆರಂಭದಲ್ಲಿ ನೀವು ಕೊಟ್ಟ ಆಜ್ಞೆ ಇದ್ದಂತೆಯೇ ದಾಖಲಾಗಿರುತ್ತದೆ. ಮುಂದೆ ಪ್ರತಿಯೊಂದು ಪರೀಕ್ಷೆಯೂ, ಅದು ಸೋತಿದ್ದರೆ ಕಂಪೈಲರ್ ಹೇಳಿದ ಮಾತೂ ಇರುತ್ತದೆ. ಪಿಎನ್‌ಜಿ ಎಂದು ಅದರಲ್ಲಿ ಹುಡುಕಿದ್ದರೆ ಪುಟವೊಂದನ್ನೂ ಸ್ಕ್ಯಾನ್ ಮಾಡುವ ಮೊದಲೇ ಕಾರಣ ಕಾಣುತ್ತಿತ್ತು. ಲೆಪ್ಟಾನಿಕಾದ ಮಟ್ಟಿಗೆ ಇನ್ನೊಂದು ಒಳ್ಳೆಯ ಆಕರವೂ ಇದೆ: ಸೋರ್ಸ್ ಜೊತೆಗೇ ಬರುವ 'ರೀಡ್‌ಮಿ.ಎಚ್‌ಟಿಎಂಎಲ್' ಕಡತದಲ್ಲಿ, ಯಾವ ಬಗೆಯ ಚಿತ್ರಕ್ಕೆ ಯಾವ ಲೈಬ್ರರಿ ಬೇಕು ಎಂಬುದನ್ನು ಲೇಖಕರೇ ವಿಸ್ತಾರವಾಗಿ ಬರೆದಿದ್ದಾರೆ. ಹೆಸರು ರೀಡ್‌ಮಿ ಎಂದಿರುವುದರಿಂದ ಅದು ಎರಡು ಸಾಲಿನ ಪರಿಚಯವೆಂದು ಭಾವಿಸಿ ದಾಟಿ ಹೋಗಬಾರದು.

ಟೆಸರಾಕ್ಟ್ ವಿಷಯದಲ್ಲಿ ಎರಡು ಮಾತು ಸೇರಿಸಬೇಕು. ಅದರ ಸೋರ್ಸನ್ನು ಗಿಟ್‌ನಿಂದ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಭಂಡಾರದಿಂದ) ತಂದರೆ ಅದರಲ್ಲಿ ಕಾನ್ಫಿಗರ್ ಸ್ಕ್ರಿಪ್ಟ್ ಇರುವುದಿಲ್ಲ; './ಆಟೋಜೆನ್.ಎಸ್‌ಎಚ್' ಓಡಿಸಿದ ಮೇಲೆಯೇ ಅದು ಹುಟ್ಟಿ, ಹೆಲ್ಪ್ ಕೇಳಲು ಬರುತ್ತದೆ. ಎರಡನೆಯದು, ಕನ್ನಡ ಅಕ್ಷರಗಳನ್ನು ಗುರುತಿಸುವ ನಿಖರತೆ ಕಂಪೈಲ್ ಆಯ್ಕೆಗಳಿಂದ ಬರುವಂಥದ್ದಲ್ಲ. ಅದು 'ಕೆಎಎನ್' ಎಂಬ ಹೆಸರಿನ ತರಬೇತಿ ದತ್ತಾಂಶದ ಕಡತದಿಂದ ಬರುತ್ತದೆ. ವೇಗಕ್ಕೆ ಒತ್ತು ಕೊಟ್ಟ 'ಫಾಸ್ಟ್' ಮತ್ತು ನಿಖರತೆಗೆ ಒತ್ತು ಕೊಟ್ಟ 'ಬೆಸ್ಟ್' ಎಂಬ ರೂಪಗಳಲ್ಲಿ ಅದು ಪ್ರತ್ಯೇಕವಾಗಿ ಸಿಗುತ್ತದೆ. ಹಳೆಯ ಅಚ್ಚಿನ ಪುಟಗಳಿಗೆ ಎರಡನೆಯದನ್ನು ಮೊದಲು ಪ್ರಯತ್ನಿಸಿರಿ.

ಪ್ರಶ್ನೆ: ಸೀರೆ ನೇಯ್ಗೆಯ ಚಿಕ್ಕ ವಿಡಿಯೋಗಳನ್ನು ತಯಾರಿಸಿ ಗ್ರಾಹಕರಿಗೆ ಕಳಿಸುತ್ತೇವೆ. ವಿಡಿಯೋ ಸಂಸ್ಕರಿಸುವ ಎಫ್‌ಎಫ್‌ಎಂಪೆಗ್‌ನ ಡ್ರಾಟೆಕ್ಸ್ಟ್ ಫಿಲ್ಟರ್ ಬಳಸಿ ಚಿತ್ರದ ಮೇಲೆ ಕನ್ನಡ ಬರೆಯುತ್ತಿದ್ದೆವು. ಹಳೆಯ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಮುರಿದು 'ಮಗ್ಗ' ಎಂಬುದು 'ಮಗ್‌ಗ' ಎಂದು ಮೂಡುತ್ತಿತ್ತು. ಹೊಸ ಆವೃತ್ತಿಯಲ್ಲಿ ಸರಿಯಾಗಿದೆ ಎಂದು ಕೇಳಿ ಸೋರ್ಸ್ ತಂದು ಕಂಪೈಲ್ ಮಾಡಿದರೆ, ಈಗ ಡ್ರಾಟೆಕ್ಸ್ಟ್ ಎಂಬ ಫಿಲ್ಟರೇ ಇಲ್ಲ ಎನ್ನುತ್ತದೆ.
— ನೇಕಾರ ಕುಟುಂಬದ ಓದುಗರು, ಇಳಕಲ್

ಉತ್ತರ: ನೀವು ಕೇಳಿದ್ದು ನಿಜ. 2023ರಲ್ಲಿ ಬಂದ 6.1ನೇ ಆವೃತ್ತಿಯಿಂದ ಡ್ರಾಟೆಕ್ಸ್ಟ್ ಫಿಲ್ಟರ್ ಅಕ್ಷರಗಳನ್ನು ಜೋಡಿಸಲು ಹಾರ್ಫ್‌ಬಝ್ ಎಂಬ ಲೈಬ್ರರಿಯನ್ನು ಬಳಸುತ್ತದೆ. ಕನ್ನಡದಲ್ಲಿ ಒತ್ತು, ಗುಣಿತ, ರಕಾರ ಇವುಗಳನ್ನು ಫಾಂಟ್‌ನಲ್ಲಿರುವ ನಿಯಮಗಳಂತೆ ಸರಿಯಾದ ಜಾಗದಲ್ಲಿ ಕೂರಿಸುವುದು ಈ ಲೈಬ್ರರಿಯ ಕೆಲಸ. ಅದಿಲ್ಲದೆ ಒಂದೊಂದು ಸಂಕೇತವನ್ನೂ ಒಂದರ ಪಕ್ಕ ಒಂದಾಗಿ ಇಟ್ಟದ್ದರಿಂದಲೇ ನಿಮ್ಮ ಹಳೆಯ ವಿಡಿಯೋಗಳಲ್ಲಿ ಒತ್ತುಗಳು ಮುರಿದಿದ್ದವು.

ಹೊಸ ಕಂಪೈಲ್‌ನಲ್ಲಿ ಫಿಲ್ಟರ್ ಕಾಣೆಯಾದ ಕಾರಣ ಎಫ್‌ಎಫ್‌ಎಂಪೆಗ್‌ನ ಕಾನ್ಫಿಗರ್‌ನಲ್ಲಿದೆ. ಹೊರಗಿನಿಂದ ನೋಡಿದರೆ ಅದು ಉಳಿದವುಗಳಂತೆಯೇ ಕಾಣುತ್ತದೆ. ವಾಸ್ತವದಲ್ಲಿ ಆಟೋಕಾನ್ಫ್‌ನಿಂದ ಹುಟ್ಟಿದ್ದಲ್ಲ, ಆ ಯೋಜನೆಯವರು ಕೈಯಾರೆ ಬರೆದು ಬೆಳೆಸಿದ ಸ್ಕ್ರಿಪ್ಟ್. ಮೇಲಿನ ಉತ್ತರದಲ್ಲಿ ಲೆಪ್ಟಾನಿಕಾದ ಬಗ್ಗೆ ಹೇಳಿದ್ದಕ್ಕೆ ಇಲ್ಲಿಯ ನಡವಳಿಕೆ ನೇರ ವಿರುದ್ಧವಾಗಿದೆ. ಕಂಪ್ಯೂಟರಿನಲ್ಲಿ ಲೈಬ್ರರಿ ಇದ್ದರೂ, ವ್ಯವಸ್ಥೆಗೆ ಸೇರಿದ ಕೆಲವನ್ನು ಬಿಟ್ಟು, ಹೊರಗಿನ ಯಾವುದನ್ನೂ ಅದು ತಾನಾಗಿ ಸೇರಿಸಿಕೊಳ್ಳುವುದಿಲ್ಲ. ಪ್ರತಿಯೊಂದನ್ನೂ '--ಎನೇಬಲ್' ಎಂದು ಹೆಸರಿಟ್ಟು ಕೇಳಬೇಕು. ಈ ಮಾತು './ಕಾನ್ಫಿಗರ್ --ಹೆಲ್ಪ್' ಪಟ್ಟಿಯ ನಡುವೆ, ಹೊರಗಿನ ಲೈಬ್ರರಿಗಳ ಭಾಗ ಆರಂಭವಾಗುವಲ್ಲಿ ಸ್ಪಷ್ಟವಾಗಿ ಬರೆದಿದೆ. ಆ ಪಟ್ಟಿ ಬಹಳ ಉದ್ದವಾದ್ದರಿಂದ ಪರದೆಯ ಮೇಲೆ ಹರಿದುಹೋಗಲು ಬಿಡದೆ 'ಲೆಸ್' ಆಜ್ಞೆಗೆ ಕೊಟ್ಟು ನಿಧಾನವಾಗಿ ಓದಿರಿ.

ಆದರೆ ಡ್ರಾಟೆಕ್ಸ್ಟ್‌ಗೆ ಯಾವ ಲೈಬ್ರರಿಗಳು ಬೇಕು ಎಂಬುದು ಈ ಪಟ್ಟಿಯಿಂದ ಸುಲಭವಾಗಿ ತಿಳಿಯುವುದಿಲ್ಲ. ಅದಿರುವುದು ಬಳಕೆದಾರರ ಕೈಪಿಡಿಯಲ್ಲಿ. ಸೋರ್ಸ್‌ನ 'ಡಾಕ್' ಡೈರೆಕ್ಟರಿಯಲ್ಲಿರುವ 'ಫಿಲ್ಟರ್ಸ್.ಟೆಕ್ಸಿ' ಕಡತದಲ್ಲಿ ಡ್ರಾಟೆಕ್ಸ್ಟ್ ಅಧ್ಯಾಯವನ್ನು ತೆರೆದರೆ, ಆರಂಭದ ಸಾಲುಗಳಲ್ಲಿಯೇ, ಈ ಫಿಲ್ಟರ್ ಬೇಕಾದರೆ '--ಎನೇಬಲ್-ಲಿಬ್‌ಫ್ರೀಟೈಪ್' ಮತ್ತು '--ಎನೇಬಲ್-ಲಿಬ್‌ಹಾರ್ಫ್‌ಬಝ್' ಎರಡನ್ನೂ ಕೊಡಬೇಕು, ಫಾಂಟನ್ನು ಹೆಸರಿನಿಂದ ಕರೆಯಬೇಕಾದರೆ '--ಎನೇಬಲ್-ಲಿಬ್‌ಫಾಂಟ್‌ಕಾನ್ಫಿಗ್' ಸಹ ಬೇಕು ಎಂದಿದೆ. ಕಂಪೈಲ್ ಮಾಡುವವನು ಅನುಸ್ಥಾಪನೆಯ ಕಡತಗಳನ್ನೇ ತಡಕಾಡುತ್ತಿರುತ್ತಾನೆ, ವಿವರ ಮಾತ್ರ ಬಳಕೆಯ ಅಧ್ಯಾಯದಲ್ಲಿ ಕುಳಿತಿರುತ್ತದೆ. ಇದು ಈ ಒಂದು ತಂತ್ರಾಂಶದ ಕತೆಯಲ್ಲ. ಯಾವುದೇ ಸೌಲಭ್ಯ ಕಾಣೆಯಾದಾಗ ಆ ಸೌಲಭ್ಯದ ಹೆಸರನ್ನು ಇಡೀ ಸೋರ್ಸ್‌ನಲ್ಲಿ 'ಗ್ರೆಪ್' ಮೂಲಕ ಹುಡುಕುವುದು ಅತ್ಯಂತ ಫಲಕಾರಿಯಾದ ಕ್ರಮ. ಇಲ್ಲಿ ಹಾಗೆ ಹುಡುಕಿದರೆ ಕಾನ್ಫಿಗರ್ ಸ್ಕ್ರಿಪ್ಟಿನ ಒಳಗೇ 'ಡ್ರಾಟೆಕ್ಸ್ಟ್_ಫಿಲ್ಟರ್_ಡೆಪ್ಸ್' ಎಂಬ ಸಾಲು ಸಿಕ್ಕಿ, ಅದರ ಮುಂದೆ ಲಿಬ್‌ಫ್ರೀಟೈಪ್, ಲಿಬ್‌ಹಾರ್ಫ್‌ಬಝ್ ಎಂಬ ಎರಡು ಹೆಸರುಗಳು ಕಾಣುತ್ತವೆ. ನಿಮ್ಮ ಕೈಯಲ್ಲಿರುವ ಆವೃತ್ತಿಗೆ ಇದಕ್ಕಿಂತ ನಂಬಬಹುದಾದ ದಾಖಲೆ ಬೇರೊಂದಿಲ್ಲ.

ಮಗ್ಗಕ್ಕೆ ಹಾಸು ಹೂಡುವಾಗ ನಿಶ್ಚಯವಾದ ಅಗಲವನ್ನು ನೇಯುವಾಗ ಹಿಗ್ಗಿಸಲು ಬಾರದಂತೆ, ಕಾನ್ಫಿಗರ್‌ನಲ್ಲಿ ಬಿಟ್ಟ ಸೌಲಭ್ಯವನ್ನು ಅನಂತರ ಯಾವ ಆಜ್ಞೆಯಿಂದಲೂ ತರಲು ಬರುವುದಿಲ್ಲ. ಆದ್ದರಿಂದ 'ಮೇಕ್' ಎನ್ನುವ ಮೊದಲು, ಕಾನ್ಫಿಗರ್ ಕೊನೆಗೆ ತೋರಿಸುವ ಸಾರಾಂಶದಲ್ಲಿ ಸಕ್ರಿಯವಾದ ಫಿಲ್ಟರ್‌ಗಳ ನಡುವೆ ಡ್ರಾಟೆಕ್ಸ್ಟ್ ಇದೆಯೇ ಎಂದು ನೋಡಿರಿ. ಕಾನ್ಫಿಗರ್ ನಡುವೆ ನಿಂತರೆ ಅದರ ಲಾಗ್ ಮೇಲ್ಮಟ್ಟದಲ್ಲಿ ಸಿಗದು. 'ಎಫ್‌ಎಫ್‌ಬಿಲ್ಡ್' ಡೈರೆಕ್ಟರಿಯ ಒಳಗೆ ನೋಡಬೇಕು.

ಎಕ್ಸ್264 ಎಂಬ ವಿಡಿಯೋ ಎನ್‌ಕೋಡರ್ ಬಳಸಿ ವಿಡಿಯೋ ತಯಾರಿಸುವುದಾದರೆ '--ಎನೇಬಲ್-ಲಿಬ್‌ಎಕ್ಸ್264' ಜೊತೆಗೆ '--ಎನೇಬಲ್-ಜಿಪಿಎಲ್' ಸಹ ಕಡ್ಡಾಯ. ಜಿಪಿಎಲ್ ಎಂಬ ಪರವಾನಗಿಯ ಅರ್ಥವನ್ನು 'ಲೈಸೆನ್ಸ್.ಎಂಡಿ' ಕಡತ ವಿವರಿಸುತ್ತದೆ. '--ಎನೇಬಲ್-ನಾನ್‌ಫ್ರೀ' ಎಂಬುದನ್ನು ಕೊಟ್ಟರೆ ತಯಾರಾದ ಪ್ರೋಗ್ರಾಂ ಅನ್ನು ಇನ್ನೊಬ್ಬರಿಗೆ ಹಂಚುವಂತಿಲ್ಲ. ನಿಮ್ಮ ಕೆಲಸಕ್ಕೆ ಅದರ ಅಗತ್ಯವಿಲ್ಲ.

ಪ್ರಶ್ನೆ: ಹಿರಿಯ ವಿದ್ಯಾರ್ಥಿಗಳಿಂದ ಬಂದ ಟಿಪ್ಪಣಿಗಳನ್ನು ಅನುಸರಿಸಿ ಪ್ರಾಜೆಕ್ಟಿಗೆ ಬೇಕಾದ ಪ್ಯಾಕೇಜುಗಳನ್ನು ಕಂಪೈಲ್ ಮಾಡುತ್ತಿದ್ದೇನೆ. ಟಿಪ್ಪಣಿಯಲ್ಲಿ, ಜಾಲದಿಂದ ಕಡತ ತರುವ ಕರ್ಲ್‌ಗೆ ಬರಿಯ './ಕಾನ್ಫಿಗರ್' ಸಾಕು ಎಂದಿದೆ. ಈಗ ಅದು ಟಿಎಲ್‌ಎಸ್ (ಸುರಕ್ಷಿತ ಸಂಪರ್ಕದ ವ್ಯವಸ್ಥೆ) ಆರಿಸು ಎಂದು ನಿಂತುಬಿಡುತ್ತದೆ. ಇನ್ನೊಂದು ಪ್ಯಾಕೇಜು 'ಅನ್‌ರೆಕಗ್ನೈಸ್ಡ್ ಆಪ್ಷನ್ಸ್' ಎಂದು ಎಚ್ಚರಿಸಿಯೂ ಮುಂದುವರಿಯುತ್ತದೆ. ಮೂರನೆಯದರಲ್ಲಿ ಕಾನ್ಫಿಗರ್ ಕಡತವೇ ಇಲ್ಲ. ಯಾವುದನ್ನು ನಂಬಬೇಕು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ

ಉತ್ತರ: ನಿಮ್ಮ ಕೈಯಲ್ಲಿರುವ ಆವೃತ್ತಿಯ ಸೋರ್ಸ್ ಜೊತೆಗೆ ಬಂದ ವಿವರವನ್ನು ನಂಬಬೇಕು. ಟಿಪ್ಪಣಿ ಬರೆದವರು ತಪ್ಪು ಬರೆದಿರಲಾರರು. ಅವರು ಬರೆದ ಕಾಲಕ್ಕೆ ಅದು ಸರಿಯಾಗಿಯೇ ಇದ್ದಿರಬೇಕು. ಕರ್ಲ್ 2021ರಲ್ಲಿ ಬಂದ 7.77.0 ಆವೃತ್ತಿಯಿಂದ ಟಿಎಲ್‌ಎಸ್ ಲೈಬ್ರರಿಯನ್ನು ತಾನಾಗಿ ಊಹಿಸುವುದನ್ನು ಬಿಟ್ಟಿದೆ. ಓಪನ್‌ಎಸ್‌ಎಸ್‌ಎಲ್ ಬೇಕಿದ್ದರೆ '--ವಿತ್-ಓಪನ್‌ಎಸ್‌ಎಸ್‌ಎಲ್' ಎಂದೂ, ಯಾವುದೂ ಬೇಡವಾಗಿದ್ದರೆ '--ವಿತೌಟ್-ಎಸ್‌ಎಸ್‌ಎಲ್' ಎಂದೂ ಸ್ಪಷ್ಟವಾಗಿ ಹೇಳಬೇಕು. ಇದು ಕಿರಿಕಿರಿಯಲ್ಲ, ಉಪಕಾರ. ಭದ್ರತೆಗೆ ಸಂಬಂಧಿಸಿದ ಆಯ್ಕೆ ಯಾರ ಗಮನಕ್ಕೂ ಬಾರದೆ ನಿಶ್ಚಯವಾಗುವುದಕ್ಕಿಂತ ನಿಂತು ಕೇಳುವುದು ಎಷ್ಟೋ ಮೇಲು. ಕರ್ಲ್‌ನ 'ಡಾಕ್ಸ್' ಡೈರೆಕ್ಟರಿಯಲ್ಲಿರುವ 'ಇನ್‌ಸ್ಟಾಲ್.ಎಂಡಿ' ಸಾಮಾನ್ಯ ನಕಲಲ್ಲ, ಅದಕ್ಕಾಗಿಯೇ ಬರೆದ ಕೈಪಿಡಿ, ಅದನ್ನು ಓದಿರಿ.

ಎಚ್ಚರಿಸಿ ಮುಂದುವರಿಯುವುದು ಆಟೋಕಾನ್ಫ್‌ನ ಸ್ವಭಾವ. 1991ರಲ್ಲಿ ಡೇವಿಡ್ ಮೆಕೆಂಜಿ ಆರಂಭಿಸಿದ ಈ ಉಪಕರಣವು, ಒಂದರೊಳಗೊಂದು ಸೇರಿದ ಅನೇಕ ಪ್ಯಾಕೇಜುಗಳಿಗೆ ಒಂದೇ ಆಜ್ಞೆ ಕೊಡಲು ಸಾಧ್ಯವಾಗಬೇಕೆಂಬ ಗ್ನೂ ನಿಯಮವನ್ನು ಪಾಲಿಸುತ್ತದೆ. ಒಂದು ಉಪಪ್ಯಾಕೇಜಿಗೆ ಗೊತ್ತಿರುವ ಆಯ್ಕೆ ಇನ್ನೊಂದಕ್ಕೆ ಗೊತ್ತಿರದೆ ಇರಬಹುದಾದ್ದರಿಂದ, ಪರಿಚಯವಿಲ್ಲದ '--ಎನೇಬಲ್' ಮತ್ತು '--ವಿತ್' ಆಯ್ಕೆಗಳನ್ನು ಅದು ದೋಷವೆಂದು ಎಣಿಸುವುದಿಲ್ಲ. ಪರಿಣಾಮವಾಗಿ ಒಂದಕ್ಷರ ತಪ್ಪಿ ಟೈಪ್ ಮಾಡಿದರೂ ಕೆಲಸ ಮುಗಿದಂತೆಯೇ ತೋರುತ್ತದೆ. '--ಎನೇಬಲ್-ಆಪ್ಷನ್-ಚೆಕಿಂಗ್=ಫೇಟಲ್' ಎಂದು ಸೇರಿಸಿದರೆ ಅಪರಿಚಿತ ಆಯ್ಕೆ ಕಂಡ ಕೂಡಲೇ ಕಾನ್ಫಿಗರ್ ನಿಲ್ಲುತ್ತದೆ. ಇದನ್ನು ಎಲ್ಲ ವಿದ್ಯಾರ್ಥಿಗಳೂ ರೂಢಿ ಮಾಡಿಕೊಳ್ಳಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಕಾನ್ಫಿಗರ್ ಇಲ್ಲದಿದ್ದರೆ ಅದರ ಬದಲು ಸಿಮೇಕ್ ಅಥವಾ ಮೆಸನ್ ಎಂಬ ಉಪಕರಣ ಬಳಸಿರಬಹುದು; 'ಸಿಮೇಕ್‌ಲಿಸ್ಟ್ಸ್.ಟಿಎಕ್ಸ್‌ಟಿ' ಅಥವಾ 'ಮೆಸನ್.ಬಿಲ್ಡ್' ಇದೆಯೇ ನೋಡಿರಿ. ಸಿಮೇಕ್ ಆಗಿದ್ದರೆ ಬೇರೆ ಡೈರೆಕ್ಟರಿಯಲ್ಲಿ ಒಮ್ಮೆ ಕಾನ್ಫಿಗರ್ ಮಾಡಿ 'ಸಿಮೇಕ್ -ಎಲ್‌ಎಎಚ್' ಎಂದು ಕೇಳಿದರೆ ಎಲ್ಲ ಆಯ್ಕೆಗಳೂ, ಲೇಖಕರು ಬರೆದಿದ್ದರೆ ಅವುಗಳ ಒಂದೊಂದು ಸಾಲಿನ ವಿವರಣೆಯೂ, ಈಗಿರುವ ಮೌಲ್ಯವೂ ಬರುತ್ತವೆ. ಕೆಲವು ಆಯ್ಕೆಗಳು ಬೇರೊಂದನ್ನು ಆನ್ ಮಾಡಿದ ಮೇಲೆಯೇ ಪಟ್ಟಿಗೆ ಸೇರುವುದರಿಂದ ಬದಲಾವಣೆಯ ಅನಂತರ ಮತ್ತೊಮ್ಮೆ ಕೇಳಬೇಕು. ಇಲ್ಲಿಯೂ ಅಪರಿಚಿತ ಆಯ್ಕೆಗೆ ಸಿಗುವುದು ಎಚ್ಚರಿಕೆ ಮಾತ್ರ, ಅದೂ ಕೊನೆಯಲ್ಲಿ. ಹಳೆಯ ಮೌಲ್ಯಗಳು 'ಸಿಮೇಕ್‌ಕ್ಯಾಷ್.ಟಿಎಕ್ಸ್‌ಟಿ'ಯಲ್ಲಿ ಉಳಿದುಬಿಡುವುದರಿಂದ ಸಂಶಯ ಬಂದಾಗ ಬಿಲ್ಡ್ ಡೈರೆಕ್ಟರಿಯನ್ನು ಅಳಿಸಿ ಹೊಸದಾಗಿ ಆರಂಭಿಸುವುದೇ ಸರಿ.

ಮೆಸನ್ ಈ ವಿಷಯದಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾದದ್ದು. ಆಯ್ಕೆಗಳೆಲ್ಲವೂ 'ಮೆಸನ್_ಆಪ್ಷನ್ಸ್.ಟಿಎಕ್ಸ್‌ಟಿ' ಅಥವಾ ಈಚಿನ ಪ್ಯಾಕೇಜುಗಳಲ್ಲಿ 'ಮೆಸನ್.ಆಪ್ಷನ್ಸ್' ಎಂಬ ಒಂದೇ ಕಡತದಲ್ಲಿರುತ್ತವೆ. ವಿಜಯಪುರದ ಓದುಗರಿಗೆ ಹೇಳಿದ ಮೂರನೆಯ ಸ್ಥಿತಿ ಇಲ್ಲಿ ಅಡಗಿ ಕೂರುವುದಿಲ್ಲ. 'ಎನೇಬಲ್ಡ್', 'ಡಿಸೇಬಲ್ಡ್', 'ಆಟೋ' ಎಂದು ಮೂರನ್ನೂ ಹೆಸರಿಟ್ಟು ಬರೆಯಲು ವ್ಯವಸ್ಥೆಯಿದೆ. '-ಡಿಆಟೋ_ಫೀಚರ್ಸ್=ಎನೇಬಲ್ಡ್' ಎಂದರೆ ಆಟೋ ಆಗಿರುವುದೆಲ್ಲ ಕಡ್ಡಾಯವಾಗುತ್ತದೆ. ಗೊತ್ತಿಲ್ಲದ ಆಯ್ಕೆ ಕೊಟ್ಟರೆ ಅದು ನಿಂತೇಬಿಡುತ್ತದೆ.

ಪ್ರಶ್ನೆ: ಡೆಬಿಯನ್‌ನಂಥ ವಿತರಣೆಗಳು ಯಾವ ಆಯ್ಕೆಗಳನ್ನು ಕೊಟ್ಟು ಕಂಪೈಲ್ ಮಾಡಿವೆ ಎಂಬುದನ್ನು ನೋಡಲು ಸಾಧ್ಯವೇ?
— ಸಿಸ್ಟಂ ನಿರ್ವಾಹಕರು, ಗೋಕಾಕ

ಉತ್ತರ: ಸಾಧ್ಯ. 'ಆಪ್ಟ್ ಸೋರ್ಸ್' ಆಜ್ಞೆಯಿಂದ ಪ್ಯಾಕೇಜಿನ ಸೋರ್ಸ್ ತಂದು ಅದರ 'ಡೆಬಿಯನ್/ರೂಲ್ಸ್' ಕಡತವನ್ನು ತೆರೆದರೆ ಕಾನ್ಫಿಗರ್‌ಗೆ ಕೊಟ್ಟ ಆಯ್ಕೆಗಳು ಕಾಣುತ್ತವೆ. ಫೆಡೋರಾದಲ್ಲಿ ಅವು '.ಸ್ಪೆಕ್' ಕಡತದಲ್ಲಿಯೂ, ಆರ್ಚ್‌ನಲ್ಲಿ 'ಪಿಕೆಜಿಬಿಲ್ಡ್' ಕಡತದಲ್ಲಿಯೂ ಇರುತ್ತವೆ. ಪ್ಯಾಕೇಜ್ ಸಿದ್ಧಪಡಿಸಿದವರು ಆ ಆಯ್ಕೆಯನ್ನು ಏಕೆ ಕೊಟ್ಟರು ಎಂಬ ಟಿಪ್ಪಣಿಯೂ ಕೆಲವೊಮ್ಮೆ ಅಲ್ಲಿಯೇ ಸಿಗುತ್ತದೆ.

ಸೋರ್ಸ್ ತರದೆಯೂ ಅನೇಕ ಪ್ರೋಗ್ರಾಂಗಳನ್ನೇ ಕೇಳಿ ತಿಳಿಯಬಹುದು. 'ಎಂಜಿನ್‌ಎಕ್ಸ್ -ವಿ' ಎಂಬಲ್ಲಿ ದೊಡ್ಡಕ್ಷರದ ವಿ ಬಳಸಿದರೆ ಅದನ್ನು ಕಂಪೈಲ್ ಮಾಡಿದ ಆಯ್ಕೆಗಳೆಲ್ಲ ಬರುತ್ತವೆ. ಪೋಸ್ಟ್‌ಗ್ರೆಸ್‌ಗೆ 'ಪಿಜಿ_ಕಾನ್ಫಿಗ್ --ಕಾನ್ಫಿಗರ್', ಎಫ್‌ಎಫ್‌ಎಂಪೆಗ್‌ಗೆ 'ಎಫ್‌ಎಫ್‌ಎಂಪೆಗ್ -ಬಿಲ್ಡ್‌ಕಾನ್ಫ್' ಇವೆ. 'ವಿಮ್ --ವರ್ಷನ್' ಎಂದರೆ ಇರುವ ಸೌಲಭ್ಯಗಳಿಗೆ ಕೂಡಿಸುವ ಚಿಹ್ನೆ, ಇಲ್ಲದವಕ್ಕೆ ಕಳೆಯುವ ಚಿಹ್ನೆ ಹಚ್ಚಿದ ಪಟ್ಟಿ ಮೂಡುತ್ತದೆ. ಸರ್ವರಿನಲ್ಲಿ ಚೆನ್ನಾಗಿ ನಡೆಯುತ್ತಿರುವ ಪ್ರೋಗ್ರಾಂನ ಆಯ್ಕೆಗಳನ್ನು ಹೀಗೆ ತೆಗೆದುಕೊಂಡು, ಹೊಸ ಆವೃತ್ತಿಗೆ ಅವುಗಳನ್ನೇ ಆರಂಭದ ಆಧಾರವಾಗಿ ಇಟ್ಟುಕೊಳ್ಳುವುದು ಒಳ್ಳೆಯ ಕ್ರಮ. ಲಿನಕ್ಸ್ ಕರ್ನೆಲ್ ಆದರೆ, ಡೆಬಿಯನ್ ಮತ್ತು ಉಬುಂಟುಗಳಲ್ಲಿ ಅದರ ಆಯ್ಕೆಗಳು /ಬೂಟ್ ಡೈರೆಕ್ಟರಿಯ 'ಕಾನ್ಫಿಗ್-' ಎಂದು ಆರಂಭವಾಗುವ ಕಡತದಲ್ಲಿವೆ. 'ಮೇಕ್ ಮೆನುಕಾನ್ಫಿಗ್'ನಲ್ಲಿ ಯಾವುದೇ ಆಯ್ಕೆಯ ಮೇಲೆ ನಿಂತು ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ವಿವರಣೆಯೂ, ಓರೆಗೆರೆ ಒತ್ತಿದರೆ ಹುಡುಕಾಟವೂ ತೆರೆಯುತ್ತದೆ.

ಆಯ್ಕೆಗಳ ಅರ್ಥವನ್ನು ಬಿಡಿಸಿ ಹೇಳುವ ಆಕರಗಳಲ್ಲಿ ಎರಡನ್ನು ಹೆಸರಿಸಬೇಕು. 'ಬಿಯಾಂಡ್ ಲಿನಕ್ಸ್ ಫ್ರಮ್ ಸ್ಕ್ರ್ಯಾಚ್' ಕೈಪಿಡಿಯು ಪ್ಯಾಕೇಜಿನ ಆಜ್ಞೆಗಳನ್ನು ಕೊಟ್ಟ ಬಳಿಕ, ಅವುಗಳಲ್ಲಿ ಬಂದ ಆಯ್ಕೆಗಳು ಏನು ಮಾಡುತ್ತವೆ, ಏಕೆ ಬೇಕು ಎಂದು ಬೇರೆ ವಿಭಾಗದಲ್ಲಿ ವಿವರಿಸುತ್ತದೆ. ಜೆಂಟೂ ವಿತರಣೆಯಲ್ಲಿ ಪ್ಯಾಕೇಜಿಗೆ ವಿಶಿಷ್ಟವಾದ ಯೂಸ್ ಫ್ಲಾಗ್‌ಗಳ (ಸೌಲಭ್ಯಗಳನ್ನು ಸೇರಿಸುವ, ಬಿಡುವ ಸೂಚನೆಗಳ) ವಿವರಣೆ 'ಮೆಟಾಡೇಟಾ.ಎಕ್ಸ್‌ಎಂಎಲ್' ಕಡತದಲ್ಲಿರುತ್ತದೆ. ನೀವು ಆ ವಿತರಣೆಗಳನ್ನು ಬಳಸದಿದ್ದರೂ ಇವು ನಿಮ್ಮ ಕೆಲಸಕ್ಕೆ ಬರುತ್ತವೆ.

ಪ್ರಶ್ನೆ: ವಿದ್ಯಾರ್ಥಿಗಳಿಗಾಗಿ ಕೆಲವು ಪ್ಯಾಕೇಜುಗಳ ಆಯ್ಕೆಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದಿಡಬೇಕೆಂದಿದ್ದೇನೆ. ಮೂಲದಲ್ಲಿಯೇ ವಿವರಣೆ ಇಲ್ಲದ ಆಯ್ಕೆಗಳನ್ನು ಏನು ಮಾಡಲಿ?
— ಉಪನ್ಯಾಸಕಿ, ಜಮಖಂಡಿ

ಉತ್ತರ: ಇದು ಅಗತ್ಯವಾಗಿ ಆಗಬೇಕಾದ ಕೆಲಸ, ದಯವಿಟ್ಟು ಮಾಡಿರಿ. ಆದರೆ ಇಡೀ ಪಟ್ಟಿಯನ್ನು ಕನ್ನಡಕ್ಕೆ ಇಳಿಸಬೇಡಿ, ಏಕೆಂದರೆ ಮುಂದಿನ ಆವೃತ್ತಿ ಬರುವಷ್ಟರಲ್ಲಿ ಅದು ಹಳತಾಗುತ್ತದೆ. ಬೆಳಗಾವಿಯ ವಿದ್ಯಾರ್ಥಿಯ ಪ್ರಶ್ನೆಯೇ ಅದಕ್ಕೆ ಸಾಕ್ಷಿ. ನಿಮ್ಮ ತರಗತಿಗೆ ಬೇಕಾದ ನಾಲ್ಕಾರು ಆಯ್ಕೆಗಳನ್ನು ಮಾತ್ರ ಆರಿಸಿ, ಅದನ್ನು ಕೊಟ್ಟರೆ ಏನು ಬರುತ್ತದೆ, ಬಿಟ್ಟರೆ ಏನು ತಪ್ಪುತ್ತದೆ, ಯಾವ ಡೆವ್ ಪ್ಯಾಕೇಜು ಬೇಕು ಎಂಬುದನ್ನು ಬರೆಯಿರಿ. ಪ್ರತಿ ಟಿಪ್ಪಣಿಯ ತಲೆಯಲ್ಲಿ ಪ್ಯಾಕೇಜಿನ ಆವೃತ್ತಿ ಸಂಖ್ಯೆ ಮತ್ತು ಬರೆದ ತಾರೀಖು ಇರಲಿ. ಆಟೋಕಾನ್ಫ್ ಪ್ಯಾಕೇಜುಗಳಲ್ಲಿ './ಕಾನ್ಫಿಗ್.ಸ್ಟೇಟಸ್ --ಕಾನ್ಫಿಗ್' ಎಂದರೆ ನೀವು ನಿಜವಾಗಿ ಕೊಟ್ಟ ಆಯ್ಕೆಗಳು ಯಥಾವತ್ತಾಗಿ ಬರುತ್ತವೆ. ನೆನಪಿನಿಂದ ಬರೆಯದೆ ಅದನ್ನೇ ಅಂಟಿಸಿರಿ.

ಮೂಲದಲ್ಲಿ ವಿವರಣೆ ಇಲ್ಲದ ಆಯ್ಕೆ ಸಿಕ್ಕಾಗ, ಸೋರ್ಸ್ ಓದಿ ಅದರ ಅರ್ಥ ನಿಮಗೆ ಖಚಿತವಾಗಿದ್ದರೆ, ಕನ್ನಡ ಟಿಪ್ಪಣಿಯ ಜೊತೆಗೆ ಆ ವಿವರಣೆಯನ್ನು ಪ್ಯಾಕೇಜಿನ ಲೇಖಕರಿಗೂ ಕಳಿಸಿರಿ. ಆಟೋಕಾನ್ಫ್‌ನಲ್ಲಿ ಅದು ಕಾನ್ಫಿಗರ್.ಎಸಿ ಕಡತದ 'ಎಎಸ್_ಹೆಲ್ಪ್_ಸ್ಟ್ರಿಂಗ್' ಎಂಬಲ್ಲಿ ಒಂದು ವಾಕ್ಯ ಬರೆಯುವ ಕೆಲಸ. ಸಿಮೇಕ್‌ನಲ್ಲಿ 'ಆಪ್ಷನ್' ಆಜ್ಞೆಯ ಉದ್ಧರಣ ಚಿಹ್ನೆಗಳ ನಡುವಿನ ಪಠ್ಯ. ಮೆಸನ್‌ನಲ್ಲಿ 'ಡಿಸ್ಕ್ರಿಪ್ಷನ್' ಎಂಬ ಸಾಲು. ಪ್ರೋಗ್ರಾಂನ ನಡವಳಿಕೆ ಇದರಿಂದ ಬದಲಾಗದ ಕಾರಣ ಪರಿಶೀಲಿಸುವವರಿಗೂ ಇದು ಹಗುರ. ನಿಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬರಿಂದಲೇ ಇದನ್ನು ಬರೆಸಿ, ಅವರ ಹೆಸರಿನಲ್ಲಿಯೇ ಕಳಿಸುವುದು ಇನ್ನೂ ಉತ್ತಮ. ಯಾವ ಆವೃತ್ತಿಯಲ್ಲಿ ಪರೀಕ್ಷಿಸಿದ್ದೀರಿ ಎಂಬುದನ್ನು ಜೊತೆಗೆ ತಿಳಿಸುವುದನ್ನು ಮರೆಯಬೇಡಿರಿ.